ಗ್ಯಾರೇಜಿನಲ್ಲಿ ಬ್ಯಾಲರಾಟ್ ಪ್ರಸಂಗ

ನನ್ನ ಅಣ್ಣ ಎರಡನೆಯ ಉದ್ದೇಶವಿಲ್ಲದೆ ಮೊದಲನೆಯ ಕೆಲಸ ಮಾಡುವವನಲ್ಲ. ಚಿಕ್ಕಂದಿನಲ್ಲಿ ಅವನು ನನಗೊಂದು ಪೇರಳೆ ಕೊಟ್ಟರೆ ನಾನು ತಿನ್ನುವ ಮೊದಲು ಅವನ ಬೆನ್ನ ಹಿಂದೆ ಏನಿದೆ ಎಂದು ನೋಡುತ್ತಿದ್ದೆ. ಹಾಗಾಗಿ ಹೋದ ವರ್ಷ ಅವನು ಮೆಲ್ಬರ್ನ್‌ನಿಂದ ಫೋನ್ ಮಾಡಿ, "ಈ ಸಲ ಪುರಾಣ ಬೇಡ ಮಾರಾಯ್ತಿ, ಬ್ಯಾಲರಾಟಿನ ಗಣಿಯವರ ದಂಗೆ ಮಾಡುವ," ಎಂದಾಗ ನನಗೆ ಖುಷಿಗಿಂತ ಮೊದಲು ಅನುಮಾನ ಬಂತು.

ಜೂನ್ ತಿಂಗಳಲ್ಲಿ ಇಲ್ಲಿ ರಾಜನ ಹುಟ್ಟುಹಬ್ಬದ ರಜೆ ಬರುತ್ತದೆ. ಆ ಲಾಂಗ್ ವೀಕೆಂಡಿಗೆ ನಾವು ಸಿಡ್ನಿಯ ಕೆಲ್ಲಿವಿಲ್‌ನಿಂದ ಹೊರಟು ಟಾರ್ನೀಟ್‌ನಲ್ಲಿರುವ ಅಣ್ಣನ ಮನೆಗೆ ಹೋಗುತ್ತೇವೆ. ಅವನ ಗ್ಯಾರೇಜಿನಲ್ಲಿ ಶನಿವಾರ ಮಧ್ಯಾಹ್ನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಯುದ್ಧ. ನಾನು ಭಾಗವತಿಕೆ ಮಾಡುತ್ತೇನೆ, ಸೋದರಮಾವನಿಂದ ಕಲಿತದ್ದು. ನಾನು ಜಾಗಟೆ ಬಡಿದು ಪದ ಹಾಡಿದ ಮೇಲೆ ಅರ್ಥಧಾರಿಗಳು ಆ ಪದವನ್ನು ಹಿಡಿದು ತಮಗೆ ಬೇಕಾದಷ್ಟು ಹೊತ್ತು ವಾದಿಸಬಹುದು. ಉಡುಪಿ, ಮಂಗಳೂರು ಕಡೆಯ ಹತ್ತಿಪ್ಪತ್ತು ಮನೆಯವರು ಸೇರುತ್ತಾರೆ. ಅತ್ತಿಗೆಯ ಗೋಳಿಬಜೆಗಾಗಿ ಪಕ್ಕದ ಮನೆಯ ಪಂಜಾಬಿ ಅಂಕಲ್ ಕೂಡ ಬಂದು, ಒಂದಕ್ಷರ ತಿಳಿಯದಿದ್ದರೂ ಕೊನೆಯವರೆಗೆ ತಲೆದೂಗುತ್ತಾರೆ.

"ಗಣಿಯವರ ಮುಖಂಡ ನಾನು," ಎಂದ ಅಣ್ಣ. "ಗವರ್ನರ್ ಭಾವ."

"ಇವರೇ ಯಾಕೆ?"

"ಮತ್ತೆ ಯಾರಿಗೆ ಒಪ್ತದೆ, ಹೇಳು?" ಎಂದು ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ.

ಇವರು ನಾರ್ತ್ ಸಿಡ್ನಿಯ ಒಂದು ಫೈನಾನ್ಸ್ ಆಫೀಸಿನಲ್ಲಿ ಆಡಿಟ್ ನೋಡುತ್ತಾರೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ, ಮನೆಯಲ್ಲಿ ಅದನ್ನೇ ಧರ್ಮಕ್ಕೆ ಮಾಡುತ್ತಾರೆ. ಅರ್ಥಗಾರಿಕೆಯಲ್ಲಿ ಮಾತ್ರ ನನ್ನ ಯಜಮಾನರನ್ನು ಮೀರಿಸುವವರು ಕಡಿಮೆ. ಎದುರಾಳಿ ಬಾಯಿ ತಪ್ಪಿ ಆಡಿದ ಒಂದು ಮಾತು ಸಿಕ್ಕಿದರೆ ಸಾಕು, ಅರ್ಧ ಗಂಟೆ ಅದನ್ನೇ ಜಗಿಯುತ್ತಾರೆ.

ಅಣ್ಣನ ನಗೆಗೆ ನಾನು ಹೆದರಿದ್ದಕ್ಕೆ ಕಾರಣ ಇತ್ತು. ನಮ್ಮ ಮಗಳು ಆಗ ಹನ್ನೆರಡನೆಯ ಕ್ಲಾಸು. ಸಿಡ್ನಿಯಲ್ಲೇ ಯೂನಿವರ್ಸಿಟಿ, ಕೆಲ್ಲಿವಿಲ್‌ನಿಂದ ಮೆಟ್ರೋ, ರಾತ್ರಿ ಮನೆಯಲ್ಲಿ ಊಟ ಎಂದು ನಾವಿಬ್ಬರೂ ತೀರ್ಮಾನಿಸಿ ಆಗಿತ್ತು. ಒಂದು ದಿನ ಊಟದ ಹೊತ್ತಿಗೆ ಅವಳು, "ನಾನು ಮೆಲ್ಬರ್ನ್‌ನಲ್ಲಿ ಓದ್ಬಹುದಾ?" ಎಂದಳು. ಇವರು ತಟ್ಟೆಯಿಂದ ತಲೆ ಎತ್ತದೆ, "ಆಗುದಿಲ್ಲ," ಎಂದರು. ಅವಳು ಜಗಳ ಮಾಡಲಿಲ್ಲ, ಸಾರು ಬಡಿಸಿಕೊಂಡು ಊಟ ಮುಗಿಸಿ ಎದ್ದು ಹೋದಳು. ಜಗಳ ಮಾಡುವ ಮಗುವನ್ನು ನಂಬಬಹುದು, ಸುಮ್ಮನಾದ ಮಗುವನ್ನು ನಂಬಲಿಕ್ಕಾಗದು. ಅಲ್ಲಿಂದ ಮೇಲೆ ಅವಳು ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡತೊಡಗಿದಳು. ಬಟ್ಟೆ ಮಡಚುವ ನೆಪದಲ್ಲಿ ನಾನು ಬಾಗಿಲ ಹೊರಗೆ ನಿಂತಾಗ "ಮಾವ" ಎಂಬ ಶಬ್ದ ಕಿವಿಗೆ ಬಿತ್ತು. ಅವಳಿಗೆ ಇರುವುದು ಒಬ್ಬನೇ ಮಾವ.

ಇನ್ನೊಂದು ವಿಷಯವೂ ಇತ್ತು. ಹೈಸ್ಕೂಲಿಗೆ ಒಬ್ಬಳೇ ಹೋಗಿ ಬರಲು ಶುರು ಮಾಡಿದಾಗ ಅವಳ ಫೋನಿನಲ್ಲಿ ಇವರು ಒಂದು ಆ್ಯಪ್ ಹಾಕಿಸಿದ್ದರು. ಅವಳು ಎಲ್ಲಿದ್ದಾಳೆಂದು ಇವರ ಫೋನಿನ ಮ್ಯಾಪಿನಲ್ಲಿ ಒಂದು ನೀಲಿ ಚುಕ್ಕೆ ತೋರಿಸುತ್ತದೆ. ಹಾಕಿಸಿದ್ದು ಅವಳಿಗೂ ಗೊತ್ತು. ಮಾರ್ಚ್ ತಿಂಗಳ ಒಂದು ಗುರುವಾರ, ಕಾಸಲ್ ಹಿಲ್ ಲೈಬ್ರರಿಯಲ್ಲಿ ಓದುತ್ತೇನೆಂದು ಹೇಳಿ ಹೋದ ಮಗಳ ಚುಕ್ಕೆ ಪರಮಟ್ಟಾದಲ್ಲಿ ನದಿಯ ಹತ್ತಿರ ನಿಂತಿತ್ತು. ಮುಂದಿನ ಗುರುವಾರವೂ ಅಲ್ಲೇ. ಇವರು ಫೋನನ್ನು ನನ್ನ ಮುಖದ ಮುಂದೆ ಹಿಡಿದು, "ನೋಡು," ಎಂದರು.

"ಅವಳನ್ನೇ ಕೇಳುವನಾ?" ಎಂದೆ.

"ಬೇಡ. ಕೇಳಿದ್ರೆ ಸುಳ್ಳು ಹೇಳ್ತಾಳೆ. ಸ್ವಲ್ಪ ದಿನ ನೋಡುವ. ಎಷ್ಟು ಮುಂದೆ ಹೋಗ್ತದೆ ಅಂತ ಗೊತ್ತಾಗ್ತದೆ."

ನನಗೆ ಅದು ಸರಿಯೆಂದೇ ಕಂಡಿತು. ಯಾರೋ ಹುಡುಗ ಇರಬೇಕು ಅಂದುಕೊಂಡೆ. ಗುರುವಾರ ಸಂಜೆ ಅವಳ ಬ್ಯಾಗಿನಲ್ಲಿ ಕೈಯಾಡಿಸುತ್ತಿದ್ದೆ, ಒಗೆಯಲು ಹಾಕಿದ ಅಂಗಿಯನ್ನು ಮೂಸಿ ನೋಡುತ್ತಿದ್ದೆ. ಎಣ್ಣೆ, ಉಪ್ಪಿನ ವಾಸನೆ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದಿದ್ದರೆ ನನ್ನ ಸಂಶಯ ಇನ್ನೂ ಗಟ್ಟಿಯಾಗುತ್ತದೆ, ನನ್ನ ಸ್ವಭಾವವೇ ಹಾಗೆ.

ಈ ನಡುವೆ ಪ್ರಸಂಗ ಬರೆಯುವ ಕೆಲಸ ನನ್ನ ತಲೆಗೆ ಬಂತು. ಬ್ಯಾಲರಾಟಿನ ಮೇಲೆ ಯಾವ ಕವಿ ಯಕ್ಷಗಾನ ಬರೆದಿಟ್ಟಿದ್ದಾನೆ? ಬೆಳಿಗ್ಗೆ ಮೆಟ್ರೋದಲ್ಲಿ ಆಫೀಸಿಗೆ ಹೋಗುವಾಗ ಓದುವುದು, ಸಂಜೆ ಬರುವಾಗ ಹಳೆಯ ಮಟ್ಟುಗಳಿಗೆ ಹೊಸ ಮಾತು ಕೂರಿಸುವುದು. ಒಮ್ಮೆ ಕೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಕತೆ ಚಿನ್ನದಿಂದ ಶುರುವಾಗುತ್ತದೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಬ್ಯಾಲರಾಟಿನ ನೆಲದಲ್ಲಿ ಚಿನ್ನ ಇದೆ ಎಂಬ ಸುದ್ದಿಗೆ ಎಲ್ಲೆಲ್ಲಿಂದಲೋ ಜನ ಹಡಗು ಹತ್ತಿ ಬಂದರು, ಟೆಂಟು ಹಾಕಿ ಗುಂಡಿ ತೋಡಿದರು. ಬ್ರಿಟಿಷ್ ಸರ್ಕಾರ ಅವರಿಗೆ ಒಂದು ಲೈಸೆನ್ಸ್ ಮಾಡಿತು. ಚಿನ್ನ ಸಿಗಲಿ ಬಿಡಲಿ, ತಿಂಗಳು ತಿಂಗಳು ಅದಕ್ಕೆ ಹಣ ಕಟ್ಟಬೇಕು. ಕಟ್ಟಿದವನಿಗೆ ಮತ ಹಾಕುವ ಹಕ್ಕಿಲ್ಲ. ಆ ಕಾಗದ ಸದಾ ಮೈಮೇಲೆ ಇರಬೇಕು. ಪೊಲೀಸರು ಕುದುರೆಯ ಮೇಲೆ ಬಂದು, ಗುಂಡಿಯ ಕೆಸರಿನಿಂದ ಮೇಲೆ ಕರೆದು, ತೋರಿಸು ಎನ್ನುವರು. ಕಾಗದ ಟೆಂಟಿನಲ್ಲಿದೆ ಎಂದರೆ ಹಿಡಿದುಕೊಂಡು ಹೋಗಿ ಮರಕ್ಕೆ ಕಟ್ಟುವರು. ಬೆಳಿಗ್ಗೆ ತೋರಿಸಿದವನನ್ನೇ ಮಧ್ಯಾಹ್ನ ಮತ್ತೆ ನಿಲ್ಲಿಸುವರು.

ಹೊಸ ಗವರ್ನರ್ ಬಂದ. ಒಮ್ಮೆ ಗಣಿಗೆ ಭೇಟಿ ಕೊಟ್ಟ. ಜನ ಜೈಕಾರ ಹಾಕಿದರು, ಎಲ್ಲ ಸರಿ ಇದೆ ಎಂದುಕೊಂಡು ಹಿಂದೆ ಹೋದ. ಹೋದವನು ಲೈಸೆನ್ಸಿನ ಹುಡುಕಾಟವನ್ನು ಇನ್ನೂ ಹೆಚ್ಚಿಸಿದ. ಆಮೇಲೆ ಒಬ್ಬ ಗಣಿಗಾರನ ಕೊಲೆಯಾಯಿತು. ಆರೋಪ ಹೊತ್ತ ಹೋಟೆಲಿನವನನ್ನು ಕೋರ್ಟು ಮೊದಲು ಬಿಟ್ಟುಬಿಟ್ಟಿತು, ನ್ಯಾಯಾಧೀಶ ಅವನ ಗೆಳೆಯ ಎಂದು ಜನ ಆಡಿಕೊಂಡರು, ಹೋಟೆಲಿಗೆ ಬೆಂಕಿ ಇಟ್ಟರು. ಅದಕ್ಕಾಗಿ ಹಿಡಿದವರನ್ನು ಬಿಡಬೇಕೆಂದು ಗಣಿಯವರ ಪರವಾಗಿ ಮೂವರು ಹೋಗಿ ಗವರ್ನರನ ಮುಂದೆ ಬೇಡಿಕೆ ಇಟ್ಟರೆ ಅವನಿಗೆ ಬೇಡಿಕೆ ಎಂಬ ಮಾತೇ ಹಿಡಿಸಲಿಲ್ಲ, ವಿನಂತಿ ಆಗಬೇಕಿತ್ತಂತೆ. ಜನ ಲೈಸೆನ್ಸ್‌ಗಳನ್ನು ಬೆಂಕಿಗೆ ಹಾಕಿದರು. ನಕ್ಷತ್ರಗಳ ಬಾವುಟ ಏರಿಸಿ, ಮಂಡಿಯೂರಿ ಪ್ರತಿಜ್ಞೆ ಮಾಡಿ, ಮರದ ದಿಮ್ಮಿ, ಗಾಡಿಗಳನ್ನು ಅಡ್ಡ ಹಾಕಿ ಕೋಟೆ ಕಟ್ಟಿಕೊಂಡು ಬಂದೂಕು ಹಿಡಿದು ಕೂತರು.

ಓದುತ್ತ ಓದುತ್ತ ನಾನು ಯಾರನ್ನೂ ನಂಬಲಿಲ್ಲ. ಟೆಂಟುಗಳ ನಡುವೆ ಸರ್ಕಾರದ ಗೂಢಚಾರರಿದ್ದರು. ಸರ್ಕಾರಕ್ಕೆ ಎಲ್ಲ ಗೊತ್ತಿತ್ತು. ಕೋಟೆಯಲ್ಲಿದ್ದವರೂ ಸಾಚಾ ಅಲ್ಲ, ಭಾನುವಾರ ಯಾರು ದಾಳಿ ಮಾಡುತ್ತಾರೆ ಎಂದು ಹೆಚ್ಚಿನವರು ಶನಿವಾರವೇ ಜಾಗ ಖಾಲಿ ಮಾಡಿದರು. ಸೈನ್ಯ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಂತು.

ಪದಗಳನ್ನು ಬರೆದು ಅಣ್ಣನಿಗೂ ಇವರಿಗೂ ಕಳಿಸಿದೆ. ಪದ ಇಬ್ಬರಿಗೂ ಸಿಗಬೇಕು. ಅದಕ್ಕೆ ಯಾವ ಅರ್ಥ ಹೇಳುತ್ತೇವೆ ಎನ್ನುವುದನ್ನು ಮಾತ್ರ ಯಾರೂ ಯಾರಿಗೂ ಹೇಳುವುದಿಲ್ಲ, ಗಂಡ ಹೆಂಡತಿಗೂ ಹೇಳುವುದಿಲ್ಲ, ಅದು ಪದ್ಧತಿ. ಇವರು ಸೋಫಾದಲ್ಲಿ ಕೂತು ಓದುತ್ತ ಒಂದು ಕಡೆ ನಿಂತರು. ಬೆಳಿಗ್ಗೆ ತೋರಿಸಿದವನನ್ನು ಮಧ್ಯಾಹ್ನ ಮತ್ತೆ ನಿಲ್ಲಿಸುವ ಪದ.

"ಇದು ಯಾರು ಹೇಳಿದ್ದು?"

"ಪುಸ್ತಕದಲ್ಲಿ ಉಂಟು."

"ಯಾವ ಪುಸ್ತಕ?"

ತೋರಿಸಿದೆ. ಓದಿದರು. ಓದಿದ ಮೇಲೂ ನನ್ನನ್ನು ಹಾಗೇ ನೋಡುತ್ತಿದ್ದರು. ತಾನು ಕಳ್ಳ, ಪರರ ನಂಬ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಗವರ್ನರನಿಗೆ ಮನಸ್ಸು ಕೆಡಬಾರದೆಂದು ನುಂಗಿಕೊಂಡೆ.

ಶುಕ್ರವಾರ ಬೆಳಿಗ್ಗೆಯೇ ರಜೆ ಹಾಕಿ ಕಾರಿನಲ್ಲಿ ಹೊರಟೆವು. ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದಳು. ದಾರಿಯಲ್ಲಿ ಗಂಡಗೈ ಎಂಬ ಊರು ದಾಟಿದ ಮೇಲೆ ನಾನು ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಕೂತ ಇವರು ಸ್ವಲ್ಪ ಹೊತ್ತಿಗೆ ಫೋನ್ ತೆಗೆದು ಮ್ಯಾಪಿನಲ್ಲಿ ಚುಕ್ಕೆಯನ್ನು ನೋಡಿದರು. ಹುಡುಗಿ ಅವರ ಬೆನ್ನ ಹಿಂದೆಯೇ ಕೂತಿದ್ದಾಳೆ. ನನಗೆ ನಗು ಬಂತು, ನಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಗಳು ಅಪ್ಪನ ಫೋನನ್ನೇ ನೋಡುತ್ತಿದ್ದಳು.

ಟಾರ್ನೀಟ್‌ನಲ್ಲಿ ಶನಿವಾರ ಚಳಿಗಾಳಿ ಬೀಸುತ್ತಿತ್ತು. ಗ್ಯಾರೇಜಿನ ರೋಲರ್ ಬಾಗಿಲನ್ನು ಅರ್ಧ ಇಳಿಸಿ, ಎರಡು ಹೀಟರ್ ಹಚ್ಚಿ, ನೆಲಕ್ಕೆ ಜಮಖಾನೆ ಹಾಸಿದ್ದರು. ಬಂದವರಿಗೆ ಮಡಚುವ ಕುರ್ಚಿಗಳು. ನಡುವೆ ನಾನು, ಪಕ್ಕದಲ್ಲಿ ಮದ್ದಳೆಯವರು. ಬಲಕ್ಕೆ ಇವರು, ಎಡಕ್ಕೆ ಅಣ್ಣ, ಇಬ್ಬರ ಹೆಗಲಲ್ಲೂ ಇಸ್ತ್ರಿ ಮಾಡಿದ ಶಾಲು. ಮಗಳು ಅತ್ತಿಗೆಯ ಜೊತೆ ಚಹಾ ಹಂಚುತ್ತಿದ್ದಳು.

ಚಿನ್ನ, ಹಡಗು, ಲೈಸೆನ್ಸ್ ಎಲ್ಲ ಚೆನ್ನಾಗಿ ಸಾಗಿತು. ಇವರು ಗವರ್ನರನಾಗಿ ಎಷ್ಟು ಸೊಗಸಾಗಿ ಮಾತಾಡಿದರೆಂದರೆ, ರಸ್ತೆ ಮಾಡಬೇಕು, ಕಾವಲು ಇಡಬೇಕು, ಖಜಾನೆ ಖಾಲಿ, ನಾನೇನು ಮಾಡಲಿ ಎಂದಾಗ ನನಗೇ ಪಾಪ ಅನ್ನಿಸಿತು. ಆಮೇಲೆ ನಾನು ಹುಡುಕಾಟದ ಪದ ಹಾಡಿದೆ. ಅಣ್ಣ ಶಾಲು ಸರಿಪಡಿಸಿಕೊಂಡ.

"ಪ್ರಭುಗಳೇ, ಹಣ ಕೊಡಲಾರೆವೆಂದು ನಾವು ಬಂದವರಲ್ಲ. ಮುಂಜಾನೆ ತೋರಿಸಿದ ಪತ್ರ ಮಧ್ಯಾಹ್ನಕ್ಕೆ ಹಳಸುತ್ತದೆಯೇ? ಒಬ್ಬನನ್ನೇ ದಿನಕ್ಕೆಷ್ಟು ಸಲ ನಿಲ್ಲಿಸುತ್ತೀರಿ? ನಾವು ಎಲ್ಲಿ ನಿಂತೆವು, ಎಲ್ಲಿ ಕೂತೆವು, ಯಾರೊಡನೆ ನಕ್ಕೆವು ಎಂದು ಲೆಕ್ಕವಿಡುವ ದೊರೆತನಕ್ಕೆ ಪ್ರಜೆಗಳು ಬೇಕೇ, ಕೈದಿಗಳು ಬೇಕೇ?"

ಜನ ಭಲೇ ಎಂದರು. ಇವರ ಕುತ್ತಿಗೆ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಣ್ಣ ಹೇಳಿದ್ದೆಲ್ಲ ನನ್ನ ಪದದಲ್ಲಿ ಇದ್ದದ್ದೇ, ಆದರೆ ಇವರಿಗೆ ಅದು ಕೆಲ್ಲಿವಿಲ್‌ನ ನಮ್ಮ ಮನೆಯ ಗೋಡೆ ಒಡೆದು ತಂದ ಮಾತಾಗಿ ಕೇಳಿತ್ತು.

"ಮುಖಂಡಾ," ಎಂದರು ಇವರು, ಸ್ವರ ತಗ್ಗಿಸಿ. "ನಿಮ್ಮವರೆಲ್ಲ ನಿಷ್ಕಪಟಿಗಳಾಗಿದ್ದರೆ ಹುಡುಕುವ ಕಷ್ಟ ನಮಗೇಕೆ? ಗ್ರಂಥಾಲಯಕ್ಕೆಂದು ಹೇಳಿ, ಬಸ್ಸು ಹತ್ತಿ, ನದಿಯ ದಡದಲ್ಲಿ ಇನ್ನೆಲ್ಲೋ ಇಳಿಯುವವರು ನಿಮ್ಮ ಪೈಕಿ ಇಲ್ಲವೇ? ಗುರುವಾರ ಗುರುವಾರ ತಪ್ಪದೆ?"

ಸಭೆಯಲ್ಲಿ ನಗೆ ಎದ್ದಿತು. "ಆ ಕಾಲಕ್ಕೆ ಬಸ್ಸು ಎಲ್ಲಿಂದ ಬಂತು?" ಎಂದು ಯಾರೋ ಹಿಂದಿನಿಂದ ಕೇಳಿದರು. ತಾಳಮದ್ದಳೆಯ ಸಭೆ ಹಾಗೆ, ಕಾಲ ತಪ್ಪಿದರೆ ಬಿಡುವುದಿಲ್ಲ. ನಾನು ಮೊದಲು ನೋಡಿದ್ದು ಅಣ್ಣನ ಮುಖ. ಅವನು ಹುಬ್ಬು ಗಂಟಿಕ್ಕಿ ಇವರನ್ನು ನೋಡುತ್ತಿದ್ದ. ಅವನ ನಾಟಕದ ಮುಖ ನನಗೆ ಬಾಯಿಪಾಠ, ಅದು ನಾಟಕವಾಗಿರಲಿಲ್ಲ. ಗುರುವಾರದ ವಿಷಯ ಅವನಿಗೆ ಗೊತ್ತೇ ಇಲ್ಲ. ಹಾಗಾದರೆ ಮಗಳು ಅವನಿಗೆ ಹೇಳಿಲ್ಲ. ಆಮೇಲೆ ಅವಳನ್ನು ನೋಡಿದೆ. ಚಹಾದ ಟ್ರೇ ಹಿಡಿದು ಗೋಡೆಯ ಬದಿಯಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮುಖ ಬಿಳಿಚಿಕೊಂಡಿತ್ತು.

ನಗೆ ಇವರನ್ನು ಇನ್ನೂ ಕೆಣಕಿತು. "ಸಾಕ್ಷಿ ನನ್ನ ಕೈಯಲ್ಲಿದೆ," ಎಂದರು. "ಯಾರೆಂದು ಹೇಳಬೇಕೇ? ಈ ಸಭೆಯಲ್ಲೇ ಹೇಳುತ್ತೇನೆ."

ನಾನು ಜಾಗಟೆ ಬಡಿದೆ.

ಭಾಗವತ ಪದ ಎತ್ತಿದರೆ ಅರ್ಥಧಾರಿ ಬಾಯಿ ಮುಚ್ಚಲೇಬೇಕು, ಎಂಥ ಘಟಾನುಘಟಿಯಾದರೂ. ಹಾಗಂತ ಮಾತು ನಡೆಯುತ್ತಿರುವ ಮಧ್ಯೆ ಯಾರೂ ಎತ್ತುವುದಿಲ್ಲ, ಅದು ಕೆನ್ನೆಗೆ ಹೊಡೆದ ಹಾಗೆ. ನಾನು ಅದುವರೆಗೆ ಯಾರ ಮಾತನ್ನೂ ಕತ್ತರಿಸಿದವಳಲ್ಲ. ಮುಂದಿನ ಪದ ಗವರ್ನರನದೇ, ಅವನ ದೊಡ್ಡ ಭಾಷಣ ಇನ್ನೂ ಬಾಕಿ ಇತ್ತು, ಇವರು ತಿಂಗಳಿಂದ ತಯಾರು ಮಾಡಿದ್ದು ಅದನ್ನೇ. ಅದನ್ನು ಹಾರಿಸಿ, ಬಾವುಟದ ಕೆಳಗೆ ಗಣಿಯವರು ಪ್ರತಿಜ್ಞೆ ಮಾಡುವ ಪದವನ್ನು ಮೇಲಿನ ಕಾಲದಲ್ಲಿ, ಚುರುಕಾಗಿ ಎತ್ತಿಬಿಟ್ಟೆ. ಮದ್ದಳೆಯವರು ಗಾಬರಿಯಿಂದ ನನ್ನ ಕಡೆ ತಿರುಗಿ, ಎರಡು ಪೆಟ್ಟು ತಪ್ಪಿ, ಹೇಗೋ ತಾಳಕ್ಕೆ ಸೇರಿದರು.

ನನಗೆ ಮೈ ಉರಿಯುವಷ್ಟು ಸಿಟ್ಟು ಬಂದಿತ್ತು. ನನ್ನ ಮಗಳ ಮೇಲೆ ಸಂಶಯಪಡಲು ನಾನಿದ್ದೇನೆ, ಅದಕ್ಕೆ ಟಾರ್ನೀಟ್‌ನ ಗ್ಯಾರೇಜು ಬೇಕಿರಲಿಲ್ಲ. ಒಂದೇ ಪದವನ್ನು ಮೂರು ಸಲ ತಿರುಗಿಸಿ ಹಾಡಿದೆ. ಅಣ್ಣ ಸೂಕ್ಷ್ಮ ಅರಿತು ನೇರ ಪ್ರತಿಜ್ಞೆಗೆ ಹೋದ. ಕೊನೆಗೆ ಸೈನ್ಯ ಕಳಿಸುವ ಪದ ಬಂತು. ಇವರು, "ಹಾಗೇ ಆಗಲಿ. ಬೆಳಗಾಗುವ ಮೊದಲು ಮುಗಿಯಲಿ," ಎಂದಷ್ಟೇ ಹೇಳಿ ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಗವರ್ನರ್ ಆ ಭಾನುವಾರ ತಿಂಡಿಯ ಹೊತ್ತಿಗೆ ಗೆದ್ದಿದ್ದ. ಆದರೆ ಹಿಡಿದು ತಂದವರನ್ನು ಮೆಲ್ಬರ್ನ್‌ನ ಜ್ಯೂರಿ ತಪ್ಪಿತಸ್ಥರೆನ್ನಲಿಲ್ಲ, ಲೈಸೆನ್ಸೂ ಮುಂದೆ ಹೋಯಿತು, ಗಣಿಯವರಿಗೆ ಮತದ ಹಕ್ಕೂ ಬಂತು. ಅಷ್ಟನ್ನು ಹಾಡಿ ಮಂಗಳ ಮಾಡಿದೆ. ಗವರ್ನರ್ ಈ ಸಲ ಚುಟುಕಾಗಿ ಹೇಳಿದರೂ ಚೆನ್ನಾಗಿತ್ತು ಎಂದು ಜನ ಹೊಗಳಿ, ಗೋಳಿಬಜೆ ಕಟ್ಟಿಸಿಕೊಂಡು ಹೋದರು.

ಎಲ್ಲರೂ ಹೋದ ಮೇಲೆ ಗ್ಯಾರೇಜಿನಲ್ಲಿ ನಾವು ನಾಲ್ಕೇ ಜನ. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಇವರು ನನ್ನ ಹತ್ತಿರ ಬಂದು ನಿಂತರು.

"ನೀನೇ ಹೇಳಿದ್ದಲ್ವಾ ಅಣ್ಣನಿಗೆ?"

"ಎಂತ ಹೇಳಿದ್ದು?" ಎಂದ ಅಣ್ಣ. "ಯಾವ ಗುರುವಾರ ಭಾವ? ನನಗೊಂದೂ ಅರ್ಥ ಆಗ್ಲಿಲ್ಲ."

"ಫೋನಲ್ಲಿ ನನ್ನ ಮಗಳ ಹತ್ರ ಗುಟ್ಟಾಗಿ ಮಾತಾಡುದು ಅರ್ಥ ಆಗ್ತದಾ?"

ಅಣ್ಣ ತಲೆ ಕೆರೆದುಕೊಂಡ. "ಇಲ್ಲಿಯ ಕೋರ್ಸಿನ ಬಗ್ಗೆ ಕೇಳಿದ್ಲು, ಹೇಳಿದೆ. ನಿಮ್ಮ ಹತ್ರ ಮಾತಾಡು ಅಂತ ಕೂಡ ಹೇಳಿದ್ದೇನೆ." ನನ್ನ ಅನುಮಾನ ಅಷ್ಟರ ಮಟ್ಟಿಗೆ ಸರಿ ಇತ್ತು ಎಂದು ನನಗೆ ಆ ಗಳಿಗೆಯಲ್ಲೂ ಒಂದು ಸಮಾಧಾನ.

ಇವರು ಮಗಳ ಕಡೆ ತಿರುಗಿದರು. "ಪರಮಟ್ಟಾದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಸುಳ್ಳು ಹೇಳ್ಬೇಡ. ಫೋನಲ್ಲಿ ಎಲ್ಲ ಉಂಟು."

"ಗೊತ್ತು." ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಳು, ಒಂದೊಂದೇ ಶಬ್ದ ಹುಡುಕಿಕೊಂಡು. "ನದಿ ಹತ್ರ ಬೆಂಚ್ ಇದೆ. ಚಿಪ್ಸ್ ತಗೊಂಡು ಕೂತ್ಕೊಳ್ತೇನೆ. ಆಮೇಲೆ ಬಸ್ ಹಿಡಿದು ಬರ್ತೇನೆ. ಅಷ್ಟೇ."

"ಅಷ್ಟಕ್ಕೆ ಲೈಬ್ರರಿ ಅಂತ ಯಾಕೆ ಹೇಳಿದ್ದು?"

"ನಿಮಗೆ ಕಾಣ್ತದೆ ಅಂತ ಗೊತ್ತಿತ್ತು ಅಪ್ಪ. ಕಂಡ್ರೆ ಕೇಳ್ತೀರಿ ಅಂದ್ಕೊಂಡೆ. ಯಾಕೆ ಹೋದೆ, ಏನಾಯ್ತು ಅಂತ. ಆಗ ಮೆಲ್ಬರ್ನ್ ವಿಷಯ ಎಲ್ಲ ಕೂತು ಮಾತಾಡ್ಬಹುದಲ್ಲ." ಅವಳು ನನ್ನ ಕಡೆ ನೋಡಿದಳು. "ಅಮ್ಮನಿಗೂ ಗೊತ್ತಿತ್ತು. ಬ್ಯಾಗ್ ಚೆಕ್ ಮಾಡಿದ್ರು. ಅಮ್ಮನೂ ಕೇಳ್ಲಿಲ್ಲ. ನಾನು ಪ್ರತಿ ಗುರುವಾರ ವೇಟ್ ಮಾಡಿದೆ."

ಅಣ್ಣ ಜಾಗಟೆಯ ಕೋಲನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ. ಹೆತ್ತವಳಿಗೆ ಹೀಗೆ ಸೋಲು ಬರುತ್ತದೆಂದು ನಾನು ಎಣಿಸಿರಲಿಲ್ಲ. ಇವರು ಪಕ್ಕದ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದರು. ಸಭೆಯ ಸ್ವರವೂ ಅಲ್ಲದ ಮನೆಯ ಸ್ವರವೂ ಅಲ್ಲದ ಒಂದು ಸ್ವರದಲ್ಲಿ ಕೇಳಿದರು.

"ಸರಿ, ಈಗ ಕೇಳ್ತೇನೆ. ಮೆಲ್ಬರ್ನ್ ಯಾಕೆ ಬೇಕು ನಿನಗೆ?"

"ಈಗ ಬೇಡ ಅಪ್ಪ," ಎಂದಳು ಅವಳು. ಸ್ವರದಲ್ಲಿ ಸಿಟ್ಟಿರಲಿಲ್ಲ. "ನಾನು ಡಿಸೈಡ್ ಮಾಡಿ ಆಯ್ತು."

ಅವಳು ಇವರ ಕೈಯಿಂದ ಕುರ್ಚಿಯನ್ನು ಮೆಲ್ಲಗೆ ಬಿಡಿಸಿ ಮಡಚಿದಳು. "ಇದು ಎಲ್ಲಿಡುದು ಮಾವ?" ಎಂದು ಕೇಳಿದಳು. ಅಣ್ಣ ನನ್ನ ಮುಖ ನೋಡಿದ, ಆಮೇಲೆ ಮೂಲೆಯ ಕಡೆ ಕೈ ತೋರಿಸಿದ. ಅವಳು ಉಳಿದ ಕುರ್ಚಿಗಳನ್ನೂ ಒಂದೊಂದಾಗಿ ಮಡಚಿ, ಆ ಮನೆಯವಳೇ ಆದ ಹಾಗೆ, ಅಲ್ಲಿ ಒರಗಿಸುತ್ತ ಹೋದಳು.